ಗೆರೆಯೇ ಇಲ್ಲದ ಬಾಕ್ಸ್, ಔಟಾದ ಹುಡುಗಿ

ಮಾನ್ಯರೇ,

ಕಳೆದ ವಾರ ಉಡುಪಿಯಲ್ಲಿ ನಡೆದ ಬಾಲಕಿಯರ ಸಾಫ್ಟ್‌ಬಾಲ್ ಪಂದ್ಯವೊಂದರಲ್ಲಿ, ಬಂಟ್ ಮಾಡಿದ (ಬ್ಯಾಟ್ ಬೀಸದೆ ಚೆಂಡನ್ನು ಮೆಲ್ಲಗೆ ತಟ್ಟಿದ) ಹುಡುಗಿಯ ಮೊಣಕಾಲಿಗೇ ಚೆಂಡು ಪುಟಿದು ತಾಗಿತು. ಅವಳ ಎರಡೂ ಪಾದಗಳು ಬ್ಯಾಟ್ ಮಾಡುವವರು ನಿಲ್ಲಲು ಗೆರೆ ಎಳೆದ ಬ್ಯಾಟರ್ ಬಾಕ್ಸ್‌ನೊಳಗಿದ್ದವು. ಆದರೂ ಅಂಪೈರ್ ಔಟ್ ಕೊಟ್ಟರು.

ಬಾಕ್ಸ್‌ನೊಳಗಿರುವಾಗ ಹೊಡೆದ ಚೆಂಡು ಬ್ಯಾಟರ್‌ಗೇ ತಾಗಿದರೆ ಅದು ಫೌಲ್. ಆಟ ಅಲ್ಲಿಗೇ ನಿಲ್ಲುತ್ತದೆ, ಓಟಗಾರ್ತಿಯರು ತಮ್ಮ ಬೇಸ್‌ಗೆ ಮರಳುತ್ತಾರೆ. ಪಾದವೊಂದು ಪೂರ್ತಿ ಹೊರಗೆ ನೆಲ ಮುಟ್ಟಿದ ಮೇಲೆ ಫೇರ್ ಚೆಂಡು (ಫೌಲ್ ಗೆರೆಗಳೊಳಗಿನ ಚೆಂಡು) ತಾಗಿದರೆ ಔಟ್. ಗೆರೆಯೂ ಬಾಕ್ಸ್‌ನ ಭಾಗವೇ. ಎರಡು ಸ್ಟ್ರೈಕ್ (ಬ್ಯಾಟರ್ ಲೆಕ್ಕಕ್ಕೆ ಸೇರುವ ತಪ್ಪು) ಆದ ಮೇಲೆ ಬಂಟ್ ಫೌಲಾದರೆ ಔಟ್ ಎಂಬ ನಿಯಮವಿದೆ, ನಿಜ. ಆಗ ಅವಳ ಮೇಲೆ ಇದ್ದದ್ದು ಒಂದೇ ಸ್ಟ್ರೈಕ್.

ನನ್ನ ಸಿಟ್ಟು ಅಂಪೈರ್ ಮೇಲಲ್ಲ, ಸಂಘಟಕರ ಮೇಲೆ. ನಮ್ಮ ಕರಾವಳಿಯ ಕೆಂಪು ಮಣ್ಣಿನಲ್ಲಿ ಎಳೆದ ಸುಣ್ಣದ ಗೆರೆ ನಾಲ್ಕೈದು ಬ್ಯಾಟರ್‌ಗಳ ಬೂಟಿನಡಿ ಅಳಿಸಿಹೋಗುತ್ತದೆ. 3 ಅಡಿ ಅಗಲ, 7 ಅಡಿ ಉದ್ದದ ಬಾಕ್ಸ್ ಎಲ್ಲಿ ಮುಗಿಯಿತೆಂದು ಯಾರಿಗೆ ಕಾಣಬೇಕು? ಕ್ಯಾಚರ್ ಬೆನ್ನ ಹಿಂದೆ ನಿಂತ ಅಂಪೈರ್‌ಗೆ ಪಾದ ಮರೆಯಾಗುವುದೂ ಉಂಟು. ಆಗ ಬೇಸ್ ಬಳಿ ನಿಲ್ಲುವ ಬೇಸ್ ಅಂಪೈರ್‌ರನ್ನು ಕೇಳಬಹುದಿತ್ತು, ಕೇಳಲಿಲ್ಲ.

ವರ್ಷಗಟ್ಟಲೆ ಹೆಣ್ಣುಮಕ್ಕಳಿಗೆ ಈ ಆಟ ಕಲಿಸಿದವಳು ನಾನು. ಆ ಹುಡುಗಿ ಮರುಮಾತಾಡದೆ ಹೊರನಡೆದದ್ದು ನನಗೆ ಇನ್ನೂ ನೋವು ಕೊಡುತ್ತಿದೆ. ಮುಂದಿನ ಪಂದ್ಯಗಳಲ್ಲಿ ಎರಡು ಇನ್ನಿಂಗ್ಸ್‌ಗೊಮ್ಮೆಯಾದರೂ ಗೆರೆಗಳನ್ನು ಹೊಸದಾಗಿ ಎಳೆಯಿಸಿ.

— ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿ, ಉಡುಪಿ