ಮಗಳಿಗೊಂದು ಪತ್ರ: ಮೂರು ಔಷಧ ಏಕೆ?

ಪ್ರೀತಿಯ ಪುಟ್ಟೀ,

ನನ್ನ ಕ್ಯಾನ್ಸರ್ ಒಂದಕ್ಕೇ ಮೂರು ಔಷಧ ಏಕೆ, ಒಂದನ್ನೇ ಹೆಚ್ಚು ಕೊಡಬಾರದೇ ಎಂದು ಫೋನಿನಲ್ಲಿ ಕೇಳಿದೆಯಲ್ಲ. ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವಳು ನೀನು, ಬಿಡಿಸಿಯೇ ಬರೆಯುತ್ತೇನೆ.

ಮೂರೂ ತಡೆಯುವುದು ಕೋಶ ವಿಭಜನೆಯನ್ನೇ, ಆದರೆ ಹಿಡಿಯುವ ಜಾಗ ಬೇರೆ. ಸೈಕ್ಲೋಫಾಸ್ಫಮೈಡ್ ಮಸ್ಟರ್ಡ್ ಅನಿಲದ ವಂಶದ್ದು. ಹೌದು, ಮೊದಲ ಮಹಾಯುದ್ಧದ ವಿಷಾನಿಲವೇ! ಅದು ತಾಗಿದವರಲ್ಲಿ ಬಿಳಿ ರಕ್ತಕಣಗಳು ಕುಸಿಯುತ್ತಿದ್ದವು. 1942ರಲ್ಲಿ ಯೇಲ್ ವಿಶ್ವವಿದ್ಯಾಲಯದ ವೈದ್ಯರು ಅದರದೇ ಬಳಗದ ನೈಟ್ರೋಜನ್ ಮಸ್ಟರ್ಡನ್ನು ಕ್ಯಾನ್ಸರ್ ರೋಗಿಯೊಬ್ಬರಿಗೆ ಕೊಟ್ಟು ನೋಡಿದರು. ಈ ಬಗೆಯ ಔಷಧಗಳು ಡಿಎನ್‌ಎಯ ಎರಡೂ ಎಳೆಗಳನ್ನು ಬೆಸೆದುಬಿಡುತ್ತವೆ. ಎಳೆ ಬಿಡಿಸಿಕೊಳ್ಳದಿದ್ದರೆ ನಕಲಾಗುವುದೆಲ್ಲಿ?

ಡಾಕ್ಸೊರುಬಿಸಿನ್ ಕೆಂಪಗಿರುತ್ತದೆ. ಆ ಸಿರಿಂಜನ್ನು ಕಂಡೇ ನಿನ್ನ ಅಪ್ಪ ಮುಖ ತಿರುಗಿಸಿದ್ದರು. ರಕ್ತನಾಳದಿಂದ ಆಚೆ ಸೋರಿದರೆ ಮಾಂಸವನ್ನೇ ಸುಡುವಂಥದ್ದು, ಅದಕ್ಕೇ ನರ್ಸ್ ಪಕ್ಕದಲ್ಲೇ ಕುಳಿತು, "ಉರಿಯುತ್ತಿದೆಯೇ ಅಮ್ಮ?" ಎಂದು ಕೇಳುತ್ತಾ ನಿಧಾನವಾಗಿ ಚುಚ್ಚುತ್ತಿದ್ದರು. ಮಾರನೆಯ ದಿನ ಮೂತ್ರವೂ ಕೆಂಪು. ಡಿಎನ್‌ಎಯ ಸಿಕ್ಕು ಬಿಡಿಸಲು ಎಳೆಯನ್ನು ಕತ್ತರಿಸಿ ಮತ್ತೆ ಜೋಡಿಸುವ ಕಿಣ್ವವೊಂದಿದೆ, ಟೊಪೊಐಸೊಮರೇಸ್. ಕತ್ತರಿಸಿದ ಮೇಲೆ ಅದು ಜೋಡಿಸದಂತೆ ಈ ಔಷಧ ತಡೆಯುತ್ತದೆ. ಆದರೆ ಹೃದಯಕ್ಕೂ ಪೆಟ್ಟು ಕೊಡುತ್ತದೆ. ಜೀವಮಾನವಿಡೀ ಇಷ್ಟೇ ಎಂಬ ಮಿತಿ ಇದಕ್ಕಿದೆ. ಮೊದಲೇ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದ್ದು ಅದಕ್ಕೆ. ಒಂದನ್ನೇ ಹೆಚ್ಚು ಕೊಡಲಾಗದು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೇ?

ಈಗ ನಡೆಯುತ್ತಿರುವುದು ಪ್ಯಾಕ್ಲಿಟ್ಯಾಕ್ಸೆಲ್. ಅಮೆರಿಕದ ಯೂ ಮರದ ತೊಗಟೆಯಲ್ಲಿ ಮೊದಲು ಸಿಕ್ಕಿದ್ದು. ಕೋಶ ಇಬ್ಭಾಗವಾಗುವಾಗ ವರ್ಣತಂತುಗಳನ್ನು ಎಳೆದೊಯ್ಯುವ ನಾಳಗಳು ಕಟ್ಟಿಕೊಳ್ಳುತ್ತ, ಕಳಚಿಕೊಳ್ಳುತ್ತ ಇರಬೇಕು. ಇದು ಕಳಚಲು ಬಿಡುವುದಿಲ್ಲ. ನಮ್ಮ ಅಂಗಳದ ನಿತ್ಯಪುಷ್ಪದಲ್ಲಿರುವ ವಿಂಕ್ರಿಸ್ಟಿನ್ ತದ್ವಿರುದ್ಧ: ಕಟ್ಟಲೇ ಬಿಡುವುದಿಲ್ಲ. ಎರಡರಲ್ಲೂ ಕೋಶ ಅರ್ಧದಲ್ಲೇ ಸಿಕ್ಕಿಬೀಳುತ್ತದೆ. (ಹಾಗೆಂದು ಅಜ್ಜಿ ಆ ಎಲೆಯ ಕಷಾಯ ಮಾಡಿಕೊಟ್ಟರೆ ಕುಡಿಯುವವಳು ನಾನಲ್ಲ.) ನರಗಳಲ್ಲಿ ಸಾಗಾಟ ನಡೆಯುವುದೂ ಇಂಥ ನಾಳಗಳ ಮೇಲೆಯೇ, ಹಾಗಾಗಿ ಬೆರಳ ತುದಿ ಜೋಮು ಹಿಡಿದಿದೆ. ರವಿಕೆಯ ಹುಕ್ಕು ಹಾಕಲು ನಿನ್ನ ಅಪ್ಪನನ್ನೇ ಕರೆಯಬೇಕು.

ಇವಕ್ಕೆ ಕ್ಯಾನ್ಸರ್ ಕೋಶ ಯಾವುದು, ನಮ್ಮದು ಯಾವುದು ಎಂಬ ಭೇದ ತಿಳಿಯದು. ಕೂದಲ ಬುಡ, ಬಾಯಿಯ ಒಳಪದರ, ಮೂಳೆಯ ಮಜ್ಜೆ, ಬೇಗ ವಿಭಜನೆಯಾಗುವ ಎಲ್ಲಕ್ಕೂ ಏಟು. ಮಜ್ಜೆ ಚೇತರಿಸಿಕೊಳ್ಳಲೆಂದೇ ನಡುವೆ ಬಿಡುವು ಕೊಡುವುದು.

ರಜೆಗೆ ಬಾ. ನೆಗಡಿ ಇದ್ದರೆ ಮಾತ್ರ ಗುಣವಾದ ಮೇಲೆ ಬಸ್ ಹತ್ತು. ನನ್ನ ಬಿಳಿ ಕಣಗಳ ಲೆಕ್ಕ ಈಗ ಕಡಿಮೆ ಇದೆ.

ನಿನ್ನ ಅಮ್ಮ