ಮಗಳಿಗೊಂದು ಪತ್ರ: ಲೈಟಿರೋ ಹೆಡ್‌ಸೆಟ್ ತಗೋ, ನೋಡ್ಕೊಂಡ್ ತಗೋ

ಪುಟ್ಟಿ,

ನೀನು ಕಳ್ಸಿದ್ ಹೆಡ್‌ಸೆಟ್ ಫೋಟೋ ನೋಡ್ದೆ, ಸಾವಿರದೈನೂರು ರೂಪಾಯ್ದು, ಎರಡೂ ಕಿವಿ ಮೇಲೆ ಬಣ್ಣಬಣ್ಣದ ಲೈಟು. ಫೋನಲ್ಲಿ ಹೇಳೋಣ ಅಂದ್ರೆ ವಿಷಯ ಉದ್ದ ಇದೆ, ಅದ್ಕೇ ಅಂಗಡಿ ಬಾಗ್ಲು ಹಾಕಿ ಬಂದು ಟೈಪ್ ಮಾಡ್ತಾ ಇದೀನಿ. ಬೇಡ ಅನ್ನಲ್ಲ ಕಣವ್ವ, ಆ ರೇಟಿಗೆ ಅದು ನಿನಗೆ ಉಪಯೋಗ ಆಗೋ ಸಾಮಾನೇ. ಆದ್ರೆ ಅದ್ರಲ್ಲಿ ಕೊಟ್ಟ ದುಡ್ಡಿಗೆ ಕೆಲ್ಸ ಮಾಡೋದು ಮೈಕು, ಲೈಟು ಬರೀ ಮೇಲಿನ ಅಲಂಕಾರ.

ಈಗ ನಿನ್ ಹತ್ರ ಇರೋ ಬ್ಲೂಟೂತ್ ಬಡ್ಸ್ ಲ್ಯಾಪ್‌ಟಾಪಿಗೆ ಹಾಕ್ದಾಗ ಮೈಕ್ ಆನ್ ಆದ ತಕ್ಷಣ ಗೇಮ್ ಸೌಂಡೆಲ್ಲ ಹಳೇ ಲ್ಯಾಂಡ್‌ಲೈನಲ್ಲಿ ಕೇಳ್ದಂಗೆ ಆಗುತ್ತೆ ಅಂತಿದ್ದೆಯಲ್ಲ, ಅದು ಬಡ್ಸ್ ಕೆಟ್ಟಿರೋದಲ್ಲ, ಮೈಕೂ ಸೌಂಡೂ ಎರಡೂ ಒಟ್ಟಿಗೆ ಹೋಗ್ಬೇಕಾದ್ರೆ ಬ್ಲೂಟೂತು ಫೋನ್ ಕಾಲ್ ಮೋಡಿಗೆ ಇಳ್ದ್ಬಿಡುತ್ತೆ, ಜೊತೆಗೆ ಸೌಂಡು ಒಸಿ ತಡವಾಗಿ ಬರುತ್ತೆ. ವೈರ್ ಹೆಡ್‌ಸೆಟ್ಟಿಗೆ ಈ ಎರಡು ತಾಪತ್ರಯಾನೂ ಇಲ್ಲ. ಮೈಕ್ ಕಡ್ಡಿ ಬಾಯಿ ಹತ್ರಾನೇ ಇರೋದ್ರಿಂದ ಫ್ಯಾನ್ ಸದ್ದೂ ಕಮ್ಮಿ, ಆನ್‌ಲೈನ್ ಕ್ಲಾಸಲ್ಲಿ ನೀನು ಮಾತಾಡೋದು ಸರಿಯಾಗಿ ಕೇಳುತ್ತೆ. ಬಾಯಿ ಎದುರಿಗೇ ಇಟ್ಕೋಬೇಡ, ಉಸ್ರು ಬಡಿಯುತ್ತೆ, ತುಟಿ ಮೂಲೆಗೆ ಎರಡು ಬೆರಳು ದೂರ ಇರ್ಲಿ.

ಇನ್ನು ಲೈಟು. ಹಾಕ್ಕೊಂಡವಳಿಗೆ ಅದು ಕಾಣೋದೇ ಇಲ್ಲ, ಕಾಣೋದು ಪಕ್ಕದ್ ಮಂಚದಲ್ಲಿ ಮಲಗಿರೋ ನಿನ್ ರೂಮ್‌ಮೇಟಿಗೆ, ರಾತ್ರಿ ಹನ್ನೊಂದಕ್ಕೆ ಕೆಂಪು ನೀಲಿ ಹಸ್ರು ಅಂತ ಬದಲಾಗ್ತಾ ಇದ್ರೆ ಆ ಹುಡುಗಿ ನಿದ್ದೆ ಮಾಡೋದು ಹೆಂಗೆ. ಕಮ್ಮಿ ರೇಟಿನ ಎಷ್ಟೋ ಪೀಸಲ್ಲಿ ಲೈಟ್ ಆಫ್ ಮಾಡೋ ಬಟನ್ನೇ ಇರಲ್ಲ. ವೈರಿನ ತುದಿ ನೋಡು. 3.5 ಎಂಎಂ ಪಿನ್ನೂ ಯುಎಸ್‌ಬಿನೂ ಎರಡೂ ಇದ್ರೆ ಸಾಮಾನ್ಯವಾಗಿ ಯುಎಸ್‌ಬಿ ಬರೀ ಲೈಟಿಗೆ ಕರೆಂಟ್ ಕೊಡಕ್ಕೆ, ಅದನ್ನ ಚುಚ್ಚದೆ ಬಿಟ್ರೂ ಸೌಂಡ್ ಬರುತ್ತೆ, ಲೈಟ್ ಬರಲ್ಲ, ಅಂತದ್ದೇ ನಿನಗೆ ಒಳ್ಳೇದು. ಬರೀ ಯುಎಸ್‌ಬಿ ಇದ್ರೆ ಸೌಂಡೂ ಅದ್ರಲ್ಲೇ ಬರ್ಬೇಕು, ಲೈಟ್ ಬೇಡ ಅಂತ ಕಿತ್ತಾಕಕ್ಕಾಗಲ್ಲ.

ಹೋದ್ ತಿಂಗ್ಳು ಇಂತದ್ದೇ ಒಂದು ನಮ್ ಅಂಗಡಿಗೆ ರಿಪೇರಿಗೆ ಬಂದಿತ್ತು, ಬಲಗಿವೀಲಿ ಸೌಂಡಿಲ್ಲ, ಲೈಟ್ ಮಾತ್ರ ಜಗಜಗ ಅಂತ ಉರೀತಾ ಇದೆ. ಕುಶನ್ ಎಳ್ದು ಸ್ಕ್ರೂ ಬಿಚ್ಚಿ ನೋಡ್ದೆ. ಎಲ್‌ಇಡಿ ಬೋರ್ಡನ್ನ ಅಂಟು ಸುರ್ದು ಭದ್ರವಾಗಿ ಕೂರ್ಸವ್ರೆ, ಸ್ಪೀಕರಿಗೆ ಹೋಗೋ ವೈರು ಮಾತ್ರ ಕೂದ್ಲಿನಂತ ಎಳೆ, ಅದೂ ತಲೆ ಮೇಲಿನ ಪಟ್ಟಿ ಎಳ್ದು ಬಿಡೋ ಜಾಗದಲ್ಲಿ ಮಡಚಿ ಮಡಚಿ ತುಂಡಾಗಿತ್ತು. ಆ ಎಳೆ ಮೇಲೆ ಬಣ್ಣದ ಲೇಪ ಇರುತ್ತೆ, ಅದನ್ನ ಸೋಲ್ಡರಿಂಗ್ ಐರನ್‌ನಲ್ಲಿ ಸುಟ್ಟು ತೆಗೀದಿದ್ರೆ ಸೋಲ್ಡರ್ ಹಿಡಿಯಲ್ಲ, ಹಂಗಾಗಿ ಕೂತು ಮಾಡೋ ಕೆಲ್ಸ. ಅದ್ಕೇ ಹೇಳೋದು, ಬ್ಯಾಗಿಗೆ ತುರುಕ್ಬೇಡ, ಒಂದೇ ಕಿವಿ ಹಿಡ್ಕೊಂಡು ಎಳೀಬೇಡ.

ಡಬ್ಬಿ ಮೇಲೆ 7.1 ಸರೌಂಡ್, ಅಂದ್ರೆ ಸುತ್ತ ಎಂಟು ಸ್ಪೀಕರ್ ಇಟ್ಟಂಗೆ ಕೇಳುತ್ತೆ, ಅಂತ ದಪ್ಪಕ್ಷರದಲ್ಲಿ ಹಾಕಿರ್ತಾರೆ. ಒಳಗಿರೋದು ಕಿವಿಗೊಂದರಂತೆ ಎರಡೇ ಸ್ಪೀಕರು, ಮಿಕ್ಕಿದ್ದು ಸಾಫ್ಟ್‌ವೇರ್ ಲೆಕ್ಕ. ಅದಕ್ಕೋಸ್ಕರ ಜಾಸ್ತಿ ದುಡ್ ಕೊಡ್ಬೇಡ, ವಿಂಡೋಸ್ 10, 11ರಲ್ಲಿ ಅದೇ ಕೆಲ್ಸ ಮಾಡೋ ವಿಂಡೋಸ್ ಸೋನಿಕ್ ಅಂತ ಪುಕ್ಕಟೆನೇ ಇದೆ. ನೀನಾಡೋ ವಾಲೊರಂಟ್ ಗೇಮಲ್ಲೇ ಸದ್ದು ಯಾವ್ ದಿಕ್ಕಿಂದ ಬಂತು ಅಂತ ಗೊತ್ತಾಗೋ ಹಂಗೆ ಮಾಡೋ ಎಚ್‌ಆರ್‌ಟಿಎಫ್ ಅಂತ ಸೆಟ್ಟಿಂಗ್ ಕೊಟ್ಟವ್ರೆ, ಅದನ್ನ ಹಾಕು, ಎರಡನ್ನೂ ಒಟ್ಟಿಗೆ ಹಾಕಿದ್ರೆ ಸೌಂಡ್ ಯಾವ್ ಕಡೆಯಿಂದ ಬಂತು ಅಂತಾನೇ ಗೊತ್ತಾಗಲ್ಲ. 50 ಎಂಎಂ ಡ್ರೈವರ್, ಅಂದ್ರೆ ಒಳಗಿರೋ ಸ್ಪೀಕರ್ ದೊಡ್ದು, ಅನ್ನೋದ್ಕೂ ಮರುಳಾಗ್ಬೇಡ, ಬಾಂಬ್ ಸದ್ದು ಧಡ್ ಅಂತ ಬರುತ್ತೆ, ಬೇಸ್, ಅಂದ್ರೆ ಆ ದಪ್ಪ ಸದ್ದು, ಅತಿಯಾದ್ರೆ ಹಿಂದಿಂದ ಬರೋ ಹೆಜ್ಜೆ ಸದ್ದು ಅದ್ರಲ್ಲೇ ಮುಚ್ಚೋಗುತ್ತೆ.

ನನಗೆ ನಿಜವಾಗ್ಲೂ ಚಿಂತೆ ಇರೋದು ನಿನ್ ಕಿವಿದು ಮಗಳೇ. ವಿಶ್ವ ಆರೋಗ್ಯ ಸಂಸ್ಥೆಯವ್ರು ದೊಡ್ಡೋರಿಗೆ 80 ಡೆಸಿಬಲ್ ಸೌಂಡಾದ್ರೆ ವಾರಕ್ಕೆ 40 ಗಂಟೆ ಅಂತಾರೆ, ಅದೇ 90ಕ್ಕೆ ಹೋದ್ರೆ ವಾರಕ್ಕೆ ನಾಲ್ಕೇ ಗಂಟೆ. ನಾಲ್ಕು ಗಂಟೆ ಅಂದ್ರೆ ನಿಂದು ಒಂದು ಭಾನುವಾರದ ಆಟ. ವೈರಲ್ಲಿ ವಾಲ್ಯೂಮ್ ಚಕ್ರ ಇರುತ್ತೆ, ಅದನ್ನ ಅರ್ಧಕ್ಕಿಂತ ಮೇಲೆ ತಿರುಗಿಸ್ಬೇಡ, ಆಟ ಮುಗಿದ್ಮೇಲೆ ಕಿವೀಲಿ ಗುಂಯ್ ಅಂದ್ರೆ ಅವತ್ತು ಜಾಸ್ತಿ ಆಗದೆ ಅಂತ ತಿಳ್ಕೋ, ಎರಡ್ ದಿನಕ್ಕೂ ಹೋಗ್ಲಿಲ್ಲ ಅಂದ್ರೆ ಮುಚ್ಚಿಡ್ಬೇಡ, ನಂಗೆ ಹೇಳು, ಡಾಕ್ಟರಿಗೆ ತೋರ್ಸೋಣ.

ಶನಿವಾರ ಬೆಳಿಗ್ಗೆ ಟ್ರೈನಿಗೆ ಮೈಸೂರಿಗೆ ಬರ್ತೀನಿ, ಅರಸು ರೋಡಲ್ಲಿ ಅಂಗಡಿಗೆ ಹೋಗಿ ಹಾಕ್ಕೊಂಡೇ ನೋಡೋಣ. ಕನ್ನಡಕ ಹಾಕ್ಕೊಂಡೇ ಹತ್ತು ನಿಮಿಷ ತಲೆ ಮೇಲಿಟ್ಕೋ, ಕನ್ನಡಕದ ಕಡ್ಡಿ ಕಿವಿ ಹಿಂದೆ ಒತ್ತಿದ್ರೆ ಆ ಪೀಸ್ ಬೇಡ. ಕುಶನ್ ರೆಕ್ಸಿನ್ದಾದ್ರೆ ಬೇಸಿಗೇಲಿ ಬೆವ್ರು ಕಿತ್ಕೊಂಡ್ ಬರುತ್ತೆ, ಬರ್ತಾ ಬರ್ತಾ ಸಿಪ್ಪೆ ಎದ್ದು ಕಪ್ಪು ಚೂರು ಕೆನ್ನೆಗೆ ಅಂಟುತ್ತೆ, ಬಟ್ಟೇದು ಸಿಕ್ರೆ ಅದೇ ತಗೊಳೋಣ. ಲ್ಯಾಪ್‌ಟಾಪ್ ತರೋದು ಮರೀಬೇಡ, ಮೈಕ್ ಅಲ್ಲೇ ರೆಕಾರ್ಡ್ ಮಾಡಿ ಕೇಳ್ಬೇಕು. ಬಿಲ್ಲು, ವಾರಂಟಿ ಕಾರ್ಡು ನಾನೇ ಇಸ್ಕೋತೀನಿ. ನಿಮ್ಮಮ್ಮ ಹುರಿಗಾಳು ಕಳಿಸ್ತಾವ್ಳೆ.

ಅಪ್ಪ