ಕ್ಯಾತ್ಸಂದ್ರ: ಇಡ್ಲಿ ತಿಂದು ಹಾಗೇ ಹೊರಡಬೇಡಿ

ಮಾನ್ಯರೇ,

ಭಾನುವಾರ ಬೆಂಗಳೂರಿನಿಂದ ಕಾರಿನಲ್ಲಿ ಬರುವವರು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು, ಫೋಟೊ ತೆಗೆದು ಹೊರಟುಬಿಡುತ್ತಾರೆ. ಅದೂ ಹೊತ್ತೇರಿದ ಮೇಲೆ ಬಂದು, ಪಾರ್ಸೆಲ್ ಕಟ್ಟಿಸಿಕೊಂಡು, ‘ಅಂಥದ್ದೇನಿದೆ ಇದರಲ್ಲಿ’ ಅನ್ನುತ್ತಾರೆ. ತಟ್ಟೆ ಇಡ್ಲಿ ಹಬೆಯಿಂದ ಇಳಿದ ಕೂಡಲೇ ತಿನ್ನುವ ತಿಂಡಿ. ಮೇಲಿಟ್ಟ ಬೆಣ್ಣೆ ಕರಗಿ ಅಂಚಿಗೆ ಹರಿದರೆ ಸರಿ. ಉಂಡೆಯಾಗಿಯೇ ಕೂತಿದ್ದರೆ ಇಡ್ಲಿ ಆರಿದೆ, ವಾಪಸ್ ಕೊಟ್ಟು ಬಿಸಿಯದು ಕೇಳಿ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದರೆ ಹಬೆ ನೀರಾಗಿ ಇಡ್ಲಿ ಮುದ್ದೆಯಾಗುತ್ತದೆ. ಒಯ್ಯಲೇಬೇಕಿದ್ದರೆ ಬಿಸಿ ಸ್ವಲ್ಪ ಆರಲು ಬಿಟ್ಟು, ಬಾಳೆಎಲೆ ಹಾಸಿದ ಸ್ಟೀಲ್ ಡಬ್ಬಿಗೆ ಹಾಕಿ. ಚಟ್ನಿ ಬೇರೆಯೇ ಇರಲಿ. ಇಬ್ಬರಿಗೆ 3 ಇಡ್ಲಿ, ಒಂದು ಉದ್ದಿನವಡೆ ಧಾರಾಳ.

ಸಿದ್ಧಗಂಗಾ ಮಠ ಇಲ್ಲೇ ಹತ್ತಿರ, ಆಟೊ ಸಿಗುತ್ತದೆ. ಬಂಡೆ ಕಾಯುವ ಮೊದಲೇ ಬೆಟ್ಟದ ಮೆಟ್ಟಿಲು ಹತ್ತಿ ಇಳಿಯಿರಿ. ಬಿಸಿಲೇರಿದ ಮೇಲೆ ಬರಿಗಾಲು ಊರಲಾಗದು. ದಾಸೋಹದಲ್ಲಿ ಉಣ್ಣುವವರು ಬೇಕಾದಷ್ಟೇ ಹಾಕಿಸಿಕೊಳ್ಳಿ, ಎಲ್ಲರಿಗೂ ಒಂದೇ ಪಂಕ್ತಿ.

ಇನ್ನೂ ಹೊತ್ತಿದ್ದರೆ ಬಂಡೆಯಿಂದ ನೀರು ಒಸರುವ ನಾಮದ ಚಿಲುಮೆ, ಅದರಾಚೆ ದೇವರಾಯನದುರ್ಗ ಬೆಟ್ಟ. ಕೆಳಗೆ ಭೋಗಾನರಸಿಂಹ, ಮೇಲೆ ಯೋಗಾನರಸಿಂಹ ದೇವಸ್ಥಾನ. ಬಸ್ಸು ಕಡಿಮೆ, ಇಳಿಯುವಾಗಲೇ ಮರಳುವ ಬಸ್ಸಿನ ಹೊತ್ತು ಕಂಡಕ್ಟರ್ ಬಳಿ ಕೇಳಿಟ್ಟುಕೊಳ್ಳಿ. ತಿಂಡಿ ಕವರ್ ಕೈಯಲ್ಲಿ ಹಿಡಿದಿರೋ, ಕೋತಿಗಳ ಪಾಲು!

ಹೋಟೆಲ್‌ಗಳ ಮುಂದೆ ಎರಡು ಸಾಲು ಕಾರು ನಿಂತರೆ ಬಸ್ಸಿಗೆ ದಾರಿಯೇ ಇರುವುದಿಲ್ಲ. ರಜಾದಿನದ ಬೆಳಿಗ್ಗೆಯಾದರೂ ವಾಹನ ನಿಲುಗಡೆಗೆ ಸಂಬಂಧಪಟ್ಟವರು ಜಾಗ ಗುರುತಿಸಿಕೊಡಲಿ.

– ಓದುಗರು, ಕ್ಯಾತ್ಸಂದ್ರ, ತುಮಕೂರು